ಪಾನಗೃಹವೋ, ಭೋಜನಶಾಲೆಯೋ?

ಇಂಗ್ಲೆಂಡಿನ ಉಪನಗರಗಳಲ್ಲಿ ಪಾನಗೃಹಗಳು ಒಂದೊಂದಾಗಿ ಭೋಜನಶಾಲೆಗಳಾಗಿ ಮಾರ್ಪಡುತ್ತಿವೆಯೆಂಬ ಸಂಗತಿಯನ್ನು ಕೇಳಿದೊಡನೆ ಕನ್ನಡನಾಡಿನ ಸಜ್ಜನರನೇಕರಿಗೆ ಸಂತೋಷವಾಗುವುದು ಸಹಜವೇ ಸರಿ. ಕುಡಿಯುವ ಮನೆಯು ಉಣ್ಣುವ ಮನೆಯಾದರೆ ಅದರಲ್ಲಿ ಕೆಟ್ಟುದೇನು? ಪಡಖಾನೆಯ ಬಾಗಿಲು ಮುಚ್ಚಿ ಅನ್ನದ ಬಾಗಿಲು ತೆರೆಯಿತೆಂದು ತಿಳಿದು, ಪಾನನಿರೋಧದ ಪಕ್ಷದವರು ಇದನ್ನು ತಮ್ಮ ಜಯವೆಂದೇ ಎಣಿಸಬಹುದು. ಹೆಂಡದಂಗಡಿಯಿಂದ ಸಂಸಾರಗಳು ಹಾಳಾದುದನ್ನು ಕಣ್ಣಾರೆ ಕಂಡವರು ಹೀಗೆ ಭಾವಿಸಿದರೆ ಅವರನ್ನು ದೂಷಿಸಲಾಗದು. ಆದರೆ ಅಲ್ಲಿಯ ಪಬ್ಬು ಇಲ್ಲಿಯ ಪಡಖಾನೆಯಲ್ಲ. ಬೆಂಗಳೂರಿನಲ್ಲಿ ಪಬ್ಬೆಂಬ ಹೆಸರಿನಿಂದ ನಡೆಯುವ ಸ್ಥಳಗಳೂ ಅದರ ಕುಲಕ್ಕೆ ಸೇರಿದವುಗಳಲ್ಲ. ಅಲ್ಲಿ ನಡೆದಿರುವ ಮಾರ್ಪಾಡು ಪಾನನಿರೋಧವಂತೂ ಅಲ್ಲವೇ ಅಲ್ಲ. ನಾಗರಿಕತೆಯ ವೇಷವನ್ನು ತೊಟ್ಟು ಬಂದಿರುವ ಈ ಸುಧಾರಣೆಯ ಒಳಗನ್ನು ತೆರೆದು ನೋಡಿದರೆ, ಬಡವನೂ ಒಂಟಿಯೂ ಆದ ಮನುಷ್ಯನನ್ನು ಅವನಿಗಿದ್ದ ಒಂದೇ ಒಂದು ಚಾವಡಿಯಿಂದ ಹೊರಗೆ ಹಾಕುವ ವ್ಯವಹಾರವು ಕಾಣಬರುವುದು.

ಪಬ್ಬೆಂಬುದು ‘ಪಬ್ಲಿಕ್ ಹೌಸ್’ ಎಂಬ ಹೆಸರಿನ ಮೊಟಕು ರೂಪವು. ಎಂದರೆ ಸಾರ್ವಜನಿಕರ ಮನೆ. ಆ ಹೆಸರಿನಲ್ಲಿ ಪಾನದ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1830ರ ಬಿಯರು ಶಾಸನವು, ತೆರಿಗೆ ಕೊಡುವ ಯಾವ ಗೃಹಸ್ಥನೇ ಆಗಲಿ ಎರಡು ಗಿನಿ ಶುಲ್ಕವನ್ನು ಸಲ್ಲಿಸಿ ತನ್ನ ಮನೆಯಲ್ಲಿಯೇ ಬಿಯರನ್ನು ತಯಾರಿಸಿ ಮಾರಬಹುದೆಂದು ಅಪ್ಪಣೆ ಮಾಡಿತು. ಸಾವಿರಾರು ಸಾಮಾನ್ಯ ಮನೆಗಳ ಮುಂಗೋಣೆಗಳು ನೆರೆಹೊರೆಯವರು ಕೂಡುವ ಸ್ಥಳಗಳಾದುದು ಹೀಗೆ. ಮುಂದೆ ಕಟ್ಟಡಗಳು ದೊಡ್ಡವಾದುವು. ಗಾಜಿನ ಕಿಟಕಿಗಳಿಗೆ ಚಿತ್ತಾರ ಬಂದಿತು. ಒಳಗೆ ‘ಪಬ್ಲಿಕ್ ಬಾರ್’, ‘ಸಲೂನ್ ಬಾರ್’ ಎಂಬ ವಿಭಾಗಗಳಾದುವು. ಮೊದಲನೆಯದರಲ್ಲಿ ಬರಿಯ ನೆಲ, ಮರದ ಬೆಂಚು, ಬೆಲೆಯಲ್ಲಿ ಸ್ವಲ್ಪ ಕಡಮೆ. ಎರಡನೆಯದರಲ್ಲಿ ರತ್ನಗಂಬಳಿ, ಮೆತ್ತೆಯ ಆಸನ. ಇದರಲ್ಲಿ ವರ್ಗಭೇದದ ವಾಸನೆಯಿಲ್ಲದಿಲ್ಲ. ಆದರೂ ನಡುಗೋಡೆಯ ಒಂದು ಮಗ್ಗುಲಲ್ಲಿ ಕೂಲಿಯವನಿಗೆ ತನ್ನದೆನ್ನಬಹುದಾದ ಸ್ಥಾನವಿದ್ದಿತು. ಅಲ್ಲಿ ಅವನು ಯಾರ ಅತಿಥಿಯೂ ಆಗಿರಲಿಲ್ಲ, ಯಾರ ಆಳೂ ಆಗಿರಲಿಲ್ಲ.

ಆ ಮನೆಯ ಮರ್ಯಾದೆಗಳು ಯಾವ ಹಲಗೆಯ ಮೇಲೂ ಬರೆದಿಟ್ಟವುಗಳಲ್ಲ. ಒಳಗೆ ಬಂದವನು ಯಾರು, ಏಕೆ ಬಂದನು ಎಂದು ಕೇಳುವವರಿಲ್ಲ. ಒಂದು ಪೈಂಟು ಬಿಯರನ್ನು ಕೊಂಡರೆ ಅದೇ ಅವನ ರಹದಾರಿ. ಅದನ್ನು ಹತ್ತು ನಿಮಿಷದಲ್ಲಿ ಮುಗಿಸಲಿ, ಎರಡು ಗಂಟೆಯ ಕಾಲ ಗುಟುಕರಿಸಲಿ, ಎದ್ದು ಹೋಗೆನ್ನುವ ಪದ್ಧತಿಯಿಲ್ಲ. ಗೆಳೆಯರು ಕೂಡಿದರೆ ಸರದಿಯಂತೆ ಒಬ್ಬೊಬ್ಬನೂ ಎಲ್ಲರಿಗಾಗಿ ಕೊಳ್ಳುವನು. ಇದಕ್ಕೆ ‘ರೌಂಡು’ ಎಂದು ಹೆಸರು. ತನ್ನ ಸರದಿ ಬಂದಾಗ ಜಾರಿಕೊಳ್ಳುವವನಿಗೆ ಮರುದಿನ ಮಾತನಾಡಿಸುವವರು ಸಿಕ್ಕುವುದಿಲ್ಲ. ಗೋಡೆಗೆ ಡಾರ್ಟ್ಸ್ ಹಲಗೆ, ಮೂಲೆಯಲ್ಲಿ ಡಾಮಿನೋ, ಕ್ರಿಬೇಜ್ ಆಡುವವರು. ಪರಿಚಯವಿಲ್ಲದವನೂ ಆಟದ ನೆಪದಿಂದ ನಾಲ್ಕು ಮಾತಿಗೆ ಪಾತ್ರನಾಗುವನು. ಬೋಲ್ಟನ್ ಪಟ್ಟಣದ ಪಬ್ಬುಗಳಲ್ಲಿ ಕುಳಿತು ನೋಡಿದ ‘ಮಾಸ್ ಅಬ್ಸರ್ವೇಷನ್’ ಸಂಸ್ಥೆಯವರು 1943ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಯನ್ನೂ ದುಡಿಮೆಯ ಸ್ಥಳವನ್ನೂ ಬಿಟ್ಟರೆ ಅಲ್ಲಿಯ ಜನರು ಹೆಚ್ಚು ಹೊತ್ತು ಕಳೆಯುವ ಕಟ್ಟಡವು ಪಬ್ಬೇ ಹೊರತು ಚರ್ಚೂ ಅಲ್ಲ, ಸಿನಿಮಾ ಮಂದಿರವೂ ಅಲ್ಲವೆಂದು ಕಂಡುಕೊಂಡರು. ಕನ್ನಡದ ಹಳ್ಳಿಯಲ್ಲಿ ಅರಳಿಕಟ್ಟೆ ಮಾಡುತ್ತಿದ್ದ ಕೆಲಸವನ್ನು, ಮಳೆಯೂ ಚಳಿಯೂ ಬಿಡದ ಆ ದೇಶದಲ್ಲಿ ಸೂರಿನ ಕೆಳಗೆ ಬೆಂಕಿಗೂಡಿನ ಮುಂದೆ ಮಾಡುತ್ತಿದ್ದುದು ಈ ಮನೆಯೇ.

ಈಗ ಮಾರ್ಪಾಡು ನಡೆಯುವ ಬಗೆಯನ್ನು ನೋಡತಕ್ಕದ್ದು. ಮೊದಲು ನಡುಗೋಡೆಯನ್ನು ಕೆಡಹುವರು. ಇದರಿಂದ ಭೇದವು ಅಳಿಯಿತೆಂದು ಹಿಗ್ಗುವಷ್ಟರಲ್ಲಿ, ಇಡೀ ಮನೆಗೆ ಸಲೂನ್ ಬಾರಿನ ಬೆಲೆಯೇ ಬಂದಿರುವುದು. ಬಳಿಕ ಡಾರ್ಟ್ಸ್ ಹಲಗೆ ಇಳಿಯುವುದು. ಏಕೆಂದರೆ ಅದರ ಮುಂದೆ ಸುಮಾರು ಎಂಟಡಿ ನೆಲವನ್ನು ಬರಿದಾಗಿ ಬಿಡಬೇಕು, ಆ ಎಂಟಡಿಯಲ್ಲಿ ನಾಲ್ವರು ಉಣ್ಣುವ ಮೇಜೊಂದು ಹಿಡಿಸುವುದು. ಬೆಂಚುಗಳು ಹೋಗಿ ಕುರ್ಚಿಗಳು ಬರುವುವು. ಕೌಂಟರಿನ ಮುಂದಿನ ಎತ್ತರದ ಸ್ಟೂಲುಗಳು ತಟ್ಟೆ ಹೊತ್ತು ಓಡಾಡುವವರಿಗೆ ಅಡ್ಡಿಯೆಂದು ಮಾಯವಾಗುವುವು. ಮೇಜುಗಳ ಮೇಲೆ ಮುಂಗಡವಾಗಿ ಕಾದಿರಿಸಿದ್ದೆಂಬ ಚೀಟಿಗಳು ನಿಲ್ಲುವುವು. ಕರಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ದಿನದ ಅಡಿಗೆಯ ಹೆಸರುಗಳನ್ನು ಬರೆಯುವರು. ಇಷ್ಟೆಲ್ಲ ಆದಮೇಲೆ ಬಾಗಿಲಲ್ಲಿ ಒಬ್ಬ ತರುಣಿಯನ್ನು ನಿಲ್ಲಿಸುವರು. ಆಕೆ ಬಹಳ ವಿನಯದಿಂದ, “ತಾವು ಊಟಕ್ಕೆ ಬಂದಿರುವಿರಾ?” ಎಂದು ಕೇಳುವಳು.

ಈ ಪ್ರಶ್ನೆಯಲ್ಲಿಯೇ ಅನರ್ಥವೆಲ್ಲವೂ ಅಡಗಿದೆ. ಮೂವತ್ತು ವರ್ಷ ಅದೇ ಬಾಗಿಲಿನಿಂದ ಯಾರ ಅಪ್ಪಣೆಯೂ ಇಲ್ಲದೆ ಒಳಹೊಕ್ಕು ಅದೇ ಮೂಲೆಯಲ್ಲಿ ಕುಳಿತಿದ್ದವನೊಬ್ಬನು, ಹೆಂಡತಿಯನ್ನು ಕಳೆದುಕೊಂಡ ಮುದುಕನೆಂದೇ ಇಟ್ಟುಕೊಳ್ಳಲಿ, ಈಗ ತಾನು ಬಂದ ಕಾರಣವನ್ನು ಹೇಳಬೇಕು. ಇಲ್ಲ, ಒಂದು ಪೈಂಟಿಗಾಗಿ ಬಂದೆನೆಂದರೆ, ಆಗಬಹುದು, ಆದರೆ ಏಳು ಗಂಟೆಗೆ ಆ ಮೇಜಿಗೆ ಬೇರೆ ಜನ ಬರುವರು ಎಂಬ ಉತ್ತರ. ಅವನನ್ನು ಯಾರೂ ಹೊರಗೆ ದಬ್ಬಲಿಲ್ಲ, ಬೇಡವೆನ್ನಲೂ ಇಲ್ಲ. ಆದರೂ ಅವನು ಮತ್ತೆ ಬರುವುದಿಲ್ಲ. ಉಣ್ಣುವ ಮೇಜಿಗೆ ಗಡಿಯಾರವುಂಟು: ಒಂದು ಸಂಜೆಗೆ ಎರಡು ಪಂಕ್ತಿ ಎದ್ದರೆ ಲಾಭ, ಒಂದೇ ಪಂಕ್ತಿಯಾದರೆ ನಷ್ಟ. ಇಂತಹ ಲೆಕ್ಕದಲ್ಲಿ ಒಂದು ಪೈಂಟಿನೊಡನೆ ಎರಡು ಗಂಟೆ ಕುಳಿತವನು ಗಿರಾಕಿಯಲ್ಲ, ಮೇಜಿಗೆ ಹತ್ತಿದ ಗೆದ್ದಲು. ಇನ್ನು ನಾಲ್ವರು ಉಣ್ಣಲು ಬಂದರೆ ಅವರು ತಮ್ಮ ಮೇಜಿನ ದ್ವೀಪದಲ್ಲಿಯೇ ಕುಳಿತು, ತಮ್ಮತಮ್ಮೊಳಗೇ ಮಾತನಾಡಿ, ತಮ್ಮ ಬಿಲ್ಲನ್ನು ತೆತ್ತು ಹೊರಡುವರು. ರೌಂಡಿಲ್ಲ, ಆಟವಿಲ್ಲ, ಪಕ್ಕದವನ ಗುರುತಿಲ್ಲ. ಮನೆಯು ತುಂಬಿರುವುದು, ಆದರೆ ಅದು ಸಾರ್ವಜನಿಕವಾಗಿರುವುದಿಲ್ಲ.

ಜನರ ರುಚಿಯೇ ಬದಲಾಯಿತು, ಪಬ್ಬು ಅದನ್ನು ಅನುಸರಿಸಿತು, ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಈ ಸುಧಾರಣೆಯ ವಕೀಲರು ಹೇಳುವರು. ಕೋಳಿಯನ್ನು ಕೇಳಿ ಮಸಾಲೆ ಅರೆದರೆಂಬ ಈ ವಾದವನ್ನು ಒಪ್ಪುವ ಮೊದಲು ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವುದು ಒಳ್ಳೆಯದು. ಇಂಗ್ಲೆಂಡಿನ ಪಬ್ಬುಗಳಲ್ಲಿ ಅನೇಕವನ್ನು ನಡೆಸುವವನು ಅದರ ಒಡೆಯನಲ್ಲ, ಗುತ್ತಿಗೆದಾರ. ಹಿಂದೆ ಒಡೆತನವು ಬಿಯರು ತಯಾರಿಸುವ ದೊಡ್ಡ ಕಂಪೆನಿಗಳದಾಗಿದ್ದಿತು. ಗುತ್ತಿಗೆದಾರನು ತನ್ನ ಬಿಯರನ್ನು ಆ ಕಂಪೆನಿಯಿಂದಲೇ ಕೊಳ್ಳಬೇಕೆಂಬ ಕಟ್ಟಿಗೆ ಒಳಪಟ್ಟಿದ್ದನು. ಇದು ಏಕಸ್ವಾಮ್ಯವೆಂದು 1989ರಲ್ಲಿ ಸರಕಾರವು ಆಜ್ಞೆ ಹೊರಡಿಸಿ, ಎರಡು ಸಾವಿರಕ್ಕಿಂತ ಹೆಚ್ಚು ಪಬ್ಬುಗಳುಳ್ಳ ಕಂಪೆನಿಗಳು ಹೆಚ್ಚಿನವುಗಳಲ್ಲಿ ಅರ್ಧವನ್ನು ಕಟ್ಟಿನಿಂದ ಬಿಡಬೇಕೆಂದಿತು. ಉದ್ದೇಶವು ಒಳ್ಳೆಯದೇ. ಫಲವೇನಾಯಿತೆಂದರೆ, ಆ ಕಂಪೆನಿಗಳು ಸಾವಿರಾರು ಪಬ್ಬುಗಳನ್ನು ಮಾರಿದುವು. ಬಿಯರನ್ನು ಎಂದೂ ತಯಾರಿಸದ, ಪಬ್ಬುಗಳ ಒಡೆತನವನ್ನೇ ಕಸಬಾಗಿ ಹಿಡಿದ ಹೊಸ ಕಂಪೆನಿಗಳು ಅವನ್ನು ಸಾಲ ಮಾಡಿ ಕೊಂಡುವು. ಎತ್ತು ಹೋಗಿ ಕೋಣ ಬಂದಿತು. ನೊಗ ಹಾಗೆಯೇ ಉಳಿಯಿತು. ಕಟ್ಟಿಗೆ ಒಳಪಟ್ಟ ಗುತ್ತಿಗೆದಾರನು ಪೇಟೆಯ ಬೆಲೆಗಿಂತ ಹೆಚ್ಚು ಕೊಟ್ಟು ಒಡೆಯನ ಮೂಲಕವೇ ಬಿಯರನ್ನು ಕೊಳ್ಳಬೇಕು, ಮೇಲೆ ಬಾಡಿಗೆಯನ್ನೂ ತೆರಬೇಕು.

ಆದರೆ ಅಡಿಗೆಮನೆಯ ಮೇಲೆ ಆ ಕಟ್ಟಿಲ್ಲ. ಆಲೂಗೆಡ್ಡೆಯನ್ನೂ ಮಾಂಸವನ್ನೂ ಅವನು ಎಲ್ಲಿ ಬೇಕಾದರೂ ಕೊಳ್ಳಬಹುದು. ಅದರ ಲಾಭವು ಅವನದು. ಹೀಗಿರಲು, ಬಿಯರಿನಿಂದ ಬದುಕಲಾರದ ಗುತ್ತಿಗೆದಾರನು ಬಾಣಲೆಯನ್ನು ಹಿಡಿಯದೆ ಇನ್ನೇನು ಮಾಡಿಯಾನು? ಇಲ್ಲಿಯೂ ಒಂದು ಬೋನುಂಟು. ಪಬ್ಬಿನ ಬಾಡಿಗೆಯನ್ನು ಗೊತ್ತುಮಾಡುವವರು, ಸಾಮಾನ್ಯ ದಕ್ಷತೆಯುಳ್ಳವನೊಬ್ಬನು ಆ ಸ್ಥಳದಲ್ಲಿ ಎಷ್ಟು ವ್ಯಾಪಾರ ಮಾಡಬಲ್ಲನೆಂದು ಊಹಿಸಿ ಅದರ ಮೇಲೆ ಮೊತ್ತವನ್ನು ಕಟ್ಟುವರು. ನೆರೆಯ ಪಬ್ಬಿನಲ್ಲಿ ಅಡಿಗೆಯಿಂದ ವ್ಯಾಪಾರವು ಏರಿದರೆ, ಇಲ್ಲಿಯೂ ಅಷ್ಟು ಸಾಧ್ಯವೆಂಬ ವಾದವು ಹುಟ್ಟುವುದು. ಕುಡಿಯುವವರಿಗಾಗಿಯೇ ಮನೆಯನ್ನು ಇಟ್ಟುಕೊಂಡವನು ಉಣಿಸುವ ಮನೆಯ ಬಾಡಿಗೆಯನ್ನು ಕೊಡಬೇಕಾಗುವುದು. 2016ರ ನಿಯಮಾವಳಿಯು, ದೊಡ್ಡ ಕಂಪೆನಿಗಳ ಗುತ್ತಿಗೆದಾರರಿಗೆ ಬಿಯರಿನ ಕಟ್ಟನ್ನು ಬಿಟ್ಟು ಪೇಟೆಯ ಬಾಡಿಗೆಯನ್ನಷ್ಟೇ ತೆರುವ ಆಯ್ಕೆಯನ್ನು ಕೊಟ್ಟಿತು. ಅದುವರೆಗೆ ಮನೆಗಳೆಷ್ಟೋ ಕೈಬಿಟ್ಟಿದ್ದುವು. ರಾಷ್ಟ್ರೀಯ ಅಂಕಿಅಂಶಗಳ ಕಚೇರಿಯು 2018ರಲ್ಲಿ ಹೊರಡಿಸಿದ ವರದಿಯಂತೆ, 2008ರಲ್ಲಿ ಸುಮಾರು 50,000 ಇದ್ದ ಪಬ್ಬುಗಳು ಹತ್ತು ವರ್ಷದಲ್ಲಿ ಸುಮಾರು 39,000ಕ್ಕೆ ಇಳಿದುವು. ಅಳಿದವುಗಳಲ್ಲಿ ಸಣ್ಣವೇ ಬಹಳ. ಉಳಿದವುಗಳು ದೊಡ್ಡವಾದುವು, ಅವುಗಳಲ್ಲಿ ದುಡಿಯುವವರ ಸಂಖ್ಯೆ ಏರಿತು. ಏರಿದುದು ಅಡಿಗೆಯ, ಬಡಿಸುವ ಕೆಲಸದಲ್ಲಿ. ಇದನ್ನು ಜನರ ರುಚಿಯೆಂದು ಕರೆಯುವುದು, ಹೊಲ ಕಳೆದುಕೊಂಡು ಪಟ್ಟಣ ಸೇರಿದವನನ್ನು ದೇಶಾಟನಪ್ರಿಯನೆಂದು ಕರೆದಂತೆ.

ಬೇರೆ ಕಾರಣಗಳೂ ಇಲ್ಲವೆಂದಲ್ಲ. 1967ರ ಶಾಸನವು ಕುಡಿದು ಕಾರು ನಡೆಸುವವರ ಉಸಿರನ್ನು ಪರೀಕ್ಷಿಸಲು ಪೊಲೀಸರಿಗೆ ಅಧಿಕಾರವನ್ನು ಕೊಟ್ಟಿತು. ಅದರಿಂದ ಉಳಿದ ಪ್ರಾಣಗಳನ್ನು ನೆನೆದರೆ ಅದರ ಮೇಲೆ ದೂರು ಹೇಳುವಂತಿಲ್ಲ. 2007ನೆಯ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳ ಒಳಗೆ ಧೂಮಪಾನವು ನಿಷಿದ್ಧವಾಯಿತು. ದೊಡ್ಡ ಅಂಗಡಿಗಳು ಬಿಯರಿನ ಡಬ್ಬಿಗಳನ್ನು ಪಬ್ಬಿನವನು ಕನಸಿನಲ್ಲಿಯೂ ಕಾಣದ ಬೆಲೆಗೆ ಮಾರತೊಡಗಿದುವು; ಈಗ ಆ ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಅಂಗಡಿಯಿಂದ ನೇರವಾಗಿ ಮನೆಗೆ ಹೋಗುವುದು. ಇವೆಲ್ಲ ನಿಜ. ಆದರೂ ಮಳೆ ಬಂದುದರಿಂದ ಗೋಡೆ ಬಿದ್ದಿತೆನ್ನುವವನು, ಅಡಿಪಾಯವನ್ನು ಕೊರೆದವನಾರೆಂಬುದನ್ನೂ ಹೇಳಬೇಕಷ್ಟೆ.

ಕುಡಿಯುವವನ ಮುಂದೆ ತಟ್ಟೆಯನ್ನಿಟ್ಟರೆ ಅವನು ಸಭ್ಯನಾಗುವನೆಂಬ ನಂಬಿಕೆಯು ಇಂಗ್ಲೆಂಡಿನ ಆಳುವವರಲ್ಲಿ ಹೊಸದಲ್ಲ; ಅದಕ್ಕೆ ನೂರು ವರ್ಷಗಳಾದರೂ ಆಗಿವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಒಬ್ಬನು ಇನ್ನೊಬ್ಬನಿಗೆ ಪಾನೀಯವನ್ನು ಕೊಡಿಸಬಾರದೆಂಬ ಆಜ್ಞೆ ಹೊರಟಿತು. ರೌಂಡಿನ ಸಂಪ್ರದಾಯವೇ ಅಪರಾಧವಾಯಿತು. ಆದರೆ ಅದರಲ್ಲಿ ಒಂದು ವಿನಾಯಿತಿಯಿದ್ದಿತು: ಊಟದೊಡನೆ ಕೊಡಿಸುವುದಾದರೆ ಅಡ್ಡಿಯಿಲ್ಲ! ಭೋಜನಗೃಹದಲ್ಲಿ ಅತಿಥಿಗೆ ದ್ರಾಕ್ಷಾರಸವನ್ನು ಕೊಡಿಸುವ ಶ್ರೀಮಂತನು ನಿರ್ದೋಷಿ. ಗಿರಣಿಯಿಂದ ಬಂದು ಗೆಳೆಯನಿಗೆ ಅರ್ಧ ಪೈಂಟು ಕೊಡಿಸಿದವನು ದಂಡಾರ್ಹ. ಮರುವರ್ಷ ಸರಕಾರವು ಕಾರ್ಲೈಲ್ ಪ್ರಾಂತದ ಪಬ್ಬುಗಳನ್ನೆಲ್ಲ ತಾನೇ ಕೊಂಡು, ಅವುಗಳಲ್ಲಿ ಊಟದ ಕೋಣೆಗಳನ್ನು ಕಟ್ಟಿಸಿ ನಡೆಸಿತು. ಈ ಪ್ರಯೋಗವು 1973ರವರೆಗೆ ಸಾಗಿತು. ಅಲ್ಲಿಯ ಉದ್ದೇಶವು ಲಾಭವಲ್ಲವಾದುದರಿಂದ, ಕೆಲವು ಒಳ್ಳೆಯ ಕಟ್ಟಡಗಳಾದರೂ ಅದರಿಂದ ಉಳಿದುವೆಂದು ಹೇಳುವುದು ನ್ಯಾಯ.

ಉಪನಗರಗಳ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಲಂಡನ್ನಿನ ಕೌಂಟಿ ಕೌನ್ಸಿಲಿನವರು ಕೊಳೆಗೇರಿಗಳ ಜನರಿಗಾಗಿ ಡೌನ್‌ಹ್ಯಾಮಿನಲ್ಲಿ ಸಾವಿರಾರು ಮನೆಗಳ ಬಡಾವಣೆಯನ್ನು ಕಟ್ಟಿಸಿದಾಗ, ಅಷ್ಟು ಜನಕ್ಕೂ ಒಂದೇ ಒಂದು ಪಬ್ಬಿಗೆ ಎಡೆ ಕೊಟ್ಟರು. 1930ರಲ್ಲಿ ತೆರೆದ ಆ ‘ಡೌನ್‌ಹ್ಯಾಮ್ ಟ್ಯಾವರ್ನ್’ ಪ್ರಪಂಚದಲ್ಲಿಯೇ ಅತ್ಯಂತ ದೊಡ್ಡದೆಂದು ಹೇಳಿಸಿಕೊಂಡಿತು. ಅದರಲ್ಲಿ ನರ್ತನಶಾಲೆಯಿದ್ದಿತು, ಉಪಾಹಾರದ ಕೋಣೆಯಿದ್ದಿತು. ಆದರೆ ಮೊದಮೊದಲು ಕೌಂಟರಿನ ಮುಂದೆ ನಿಂತು ಕುಡಿಯಲು ಅವಕಾಶವಿರಲಿಲ್ಲ. ಜನರು ಮೇಜಿನ ಮುಂದೆ ಮರ್ಯಾದೆಯಿಂದ ಕುಳಿತು ಪರಿಚಾರಕನಿಗಾಗಿ ಕಾಯಬೇಕು. ಜನರಿಗೆ ಇದು ಹಿಡಿಸಲಿಲ್ಲ. ಮುಂದೆ ಕೌಂಟರುಗಳನ್ನು ಹಾಕಲೇಬೇಕಾಯಿತು. ಆ ಮಹಾಮಂದಿರವು ಈಗಿಲ್ಲ. ಆದರೆ ಅದನ್ನು ಕಟ್ಟಿಸಿದ ಮನೋಭಾವವು ಬದುಕಿದೆ.

ಬದುಕಿರುವುದಕ್ಕೆ ಸಾಕ್ಷಿಯು 2020ರಲ್ಲಿ ದೊರೆಯಿತು. ಕೋವಿಡ್ ಜಾಡ್ಯದ ನಿಮಿತ್ತ ಇಂಗ್ಲೆಂಡಿನ ಜಿಲ್ಲೆಗಳನ್ನು ಮೂರು ಮಟ್ಟಗಳಾಗಿ ವಿಂಗಡಿಸಿದಾಗ, ಡಿಸೆಂಬರಿನಲ್ಲಿ ಎರಡನೆಯ ಮಟ್ಟದ ಸ್ಥಳಗಳಲ್ಲಿ ‘ಗಣನೀಯವಾದ ಊಟ’ದೊಡನೆ ಮಾತ್ರ ಪಬ್ಬಿನಲ್ಲಿ ಪಾನೀಯವನ್ನು ಕೊಡಬಹುದೆಂದು ನಿಯಮವಾಯಿತು. ಬೇಯಿಸಿದ ಮೊಟ್ಟೆಗೆ ಮಾಂಸದ ಹೊದಿಕೆ ಹೊದಿಸಿ ಕರಿದ ‘ಸ್ಕಾಚ್ ಎಗ್’ ಎಂಬ ತಿಂಡಿಯು ಗಣನೀಯವಾದ ಊಟವೋ ಅಲ್ಲವೋ ಎಂಬ ವಿಷಯದಲ್ಲಿ ಮಂತ್ರಿಗಳೇ ವ್ಯಾಖ್ಯಾನ ಮಾಡಬೇಕಾಯಿತು. ಮಂತ್ರಿಗಳಲ್ಲೊಬ್ಬರು ಅದು ಊಟವೆನಿಸಬಹುದೆಂದರು. ದೇಶವೆಲ್ಲ ನಕ್ಕಿತು. ನಗೆಯ ಮರೆಯಲ್ಲಿ, ಅಡಿಗೆಮನೆಯಿಲ್ಲದ ಸಣ್ಣ ಪಬ್ಬುಗಳು ಬಾಗಿಲು ಮುಚ್ಚಿಕೊಂಡು ಕುಳಿತವು. ರೋಗಾಣುವು ಪಲ್ಯದ ತಟ್ಟೆಯನ್ನು ಕಂಡು ಹಿಮ್ಮೆಟ್ಟುವುದೆಂದು ಯಾವ ವೈದ್ಯನೂ ಹೇಳಿರಲಿಲ್ಲ. ಊಟ ಮಾಡುವವರು ಸ್ಥಿರವಾಗಿ ಕುಳಿತಿರುವರು, ಬರಿಯ ಕುಡಿಯುವವರು ಬೆರೆಯುವರು ಎಂಬುದೇ ಸರಕಾರದ ತರ್ಕವಾಗಿದ್ದಿತು. ರೋಗದ ಕಾಲದಲ್ಲಿ ಅದಕ್ಕೆ ಅರ್ಥವಿದ್ದಿತು ಎಂದೇ ಒಪ್ಪಿದರೂ, ಆ ತರ್ಕವು ಒಂದು ಸತ್ಯವನ್ನು ಒಪ್ಪಿಕೊಂಡಂತಾಯಿತು: ಜನರು ಒಬ್ಬರೊಡನೊಬ್ಬರು ಬೆರೆಯುವ ಸ್ಥಳವು ಪಾನಗೃಹ, ಬೆರೆಯದಿರುವ ಸ್ಥಳವು ಭೋಜನಶಾಲೆ.

ಇನ್ನು, ಗೌರವದಿಂದ ಉತ್ತರ ಹೇಳಬೇಕಾದ ಆಕ್ಷೇಪವೊಂದುಂಟು. ಹಳೆಯ ಪಬ್ಬು ಗಂಡಸರ ಕೋಟೆಯಾಗಿದ್ದಿತು. ಊಟವು ಬಂದುದರಿಂದಲೇ ಹೆಂಗಸರಿಗೂ ಮಕ್ಕಳಿಗೂ ಬಾಗಿಲು ತೆರೆಯಿತು ಎಂಬುದೇ ಅದು. ಈ ಮಾತಿನಲ್ಲಿ ಸತ್ಯಾಂಶವು ಸ್ವಲ್ಪವಲ್ಲ. 1908ರ ಶಾಸನವು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಾರಿನಿಂದ ಹೊರಗಿಟ್ಟಿತು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಪತ್ರಕರ್ತರೂ ವಕೀಲರೂ ಸೇರುತ್ತಿದ್ದ ‘ಎಲ್ ವೀನೋ’ ಎಂಬ ಪಾನಗೃಹದಲ್ಲಿ, ಹೆಂಗಸರು ಕೌಂಟರಿನ ಮುಂದೆ ನಿಂತು ಪಾನೀಯವನ್ನು ಕೊಳ್ಳುವಂತಿಲ್ಲ, ಹಿಂದಿನ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತುಕೊಳ್ಳಬೇಕೆಂಬ ಕಟ್ಟಳೆಯಿದ್ದಿತು. ಇಬ್ಬರು ಮಹಿಳೆಯರು ನ್ಯಾಯಾಲಯದ ಮೆಟ್ಟಿಲೇರಿ, 1982ರಲ್ಲಿ ಅಪೀಲು ನ್ಯಾಯಾಲಯದಿಂದ ಆ ಕಟ್ಟಳೆಯನ್ನು ರದ್ದು ಮಾಡಿಸಿದರು. ಆದರೆ ಆ ಮಹಿಳೆಯರು ಕೇಳಿದುದೇನೆಂಬುದನ್ನು ಯೋಚಿಸಬೇಕು. ಮೇಜೂ ಕುರ್ಚಿಯೂ ಬಡಿಸುವವನೂ ಅವರಿಗೆ ಆಗಲೇ ಇದ್ದರು. ಅದನ್ನೇ ಅವರು ಬೇಡವೆಂದುದು. ಗಂಡಸರು ನಿಂತು ಮಾತನಾಡುವ ಕೌಂಟರಿನ ಮುಂದೆ ತಮಗೂ ಸಮಾನವಾದ ಸ್ಥಾನವು ಬೇಕೆಂದು ಅವರು ಹೋರಾಡಿದರು. ಹೆಂಗಸರ ಹೆಸರನ್ನು ಹೇಳಿ ಕೌಂಟರನ್ನೇ ಕಿತ್ತುಹಾಕುವವರು ಅವರ ಹೋರಾಟವನ್ನು ಗೆಲ್ಲಿಸುತ್ತಿಲ್ಲ, ಎಲ್ಲರನ್ನೂ ಹಿಂದಿನ ಕೋಣೆಗೆ ಕಳುಹಿಸುತ್ತಿರುವರು.

ಪಬ್ಬಿನಲ್ಲಿ ಆಹಾರವೇ ಇರಕೂಡದೆಂದು ವಾದಿಸುವುದು ಮೂರ್ಖತನ. ಉಪ್ಪಿನಕಾಯಿಯಾದ ಮೊಟ್ಟೆ, ಹುರಿದ ಹಂದಿಯ ಚರ್ಮ, ಚೀಸು ರೊಟ್ಟಿ ಇವು ಕೌಂಟರಿನ ಮೇಲೆ ಎಂದಿನಿಂದಲೋ ಇದ್ದುವು. ಜಾರ್ಜ್ ಆರ್ವೆಲ್ಲನು 1946ರಲ್ಲಿ ವರ್ಣಿಸಿದ ಆದರ್ಶ ಪಬ್ಬಿನಲ್ಲಿಯೂ ಮಧ್ಯಾಹ್ನದ ಊಟವು ಮಹಡಿಯ ಮೇಲೆ ದೊರೆಯುತ್ತಿದ್ದಿತು. ರಾತ್ರಿಯ ಭೋಜನವು ಮಾತ್ರ ಇರಲಿಲ್ಲ. ಹಳೆಯ ಸಂಪ್ರದಾಯದ ಹೆಸರಿನಲ್ಲಿ ಮಾರಾಟವಾಗುವ ‘ಉಳುವವನ ಊಟ’ವೆಂಬ ಚೀಸು ರೊಟ್ಟಿಯ ತಟ್ಟೆಯ ಹೆಸರು ಎಲ್ಲೆಡೆ ಹರಡಿದುದು 1960ರ ದಶಕದಲ್ಲಿ, ಹಾಲು ಮಾರಾಟ ಮಂಡಲಿಯವರು ಚೀಸನ್ನು ಮಾರಲು ಮಾಡಿದ ಪ್ರಚಾರದಿಂದ ಎಂಬುದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸು ಬಾರದು. 1991ರಲ್ಲಿ ಲಂಡನ್ನಿನ ಫ್ಯಾರಿಂಗ್ಡನ್ ರೋಡಿನಲ್ಲಿ ಇಬ್ಬರು ಗೆಳೆಯರು ‘ಈಗಲ್’ ಎಂಬ ಹಳೆಯ ಪಬ್ಬನ್ನು ಹಿಡಿದು, ಕೌಂಟರಿನ ಹಿಂದೆಯೇ ಒಲೆಯಿಟ್ಟು, ಒಂದಕ್ಕೊಂದು ಹೊಂದದ ಕುರ್ಚಿಗಳನ್ನು ಹಾಕಿ, ಒಳ್ಳೆಯ ಅಡಿಗೆಯನ್ನು ಸುಲಭ ಬೆಲೆಗೆ ಕೊಟ್ಟರು. ‘ಗ್ಯಾಸ್ಟ್ರೋಪಬ್’ ಎಂಬ ಕರ್ಕಶವಾದ ಹೆಸರು ಹುಟ್ಟಿದುದು ಅಲ್ಲಿಂದ. ಆ ಮೊದಲನೆಯವರಲ್ಲಿ ದೋಷವಿಲ್ಲ. ಅವರ ಕೈಬರಹವನ್ನು ನಕಲು ಮಾಡಿದವರು ಒಲೆಯನ್ನು ತಂದರು, ಸುಲಭ ಬೆಲೆಯನ್ನು ಅಲ್ಲಿಯೇ ಬಿಟ್ಟುಬಂದರು. ಮೂಗಿಗಿಂತ ಮೂಗುತಿಯು ಭಾರವಾಯಿತು.

ಆಹಾರವು ಶತ್ರುವಲ್ಲವೆಂಬುದಕ್ಕೆ ಅತ್ಯುತ್ತಮವಾದ ನಿದರ್ಶನವನ್ನು ಒದಗಿಸಿದವರು ಭಾರತೀಯರು. ಬರ್ಮಿಂಗ್‌ಹ್ಯಾಮಿನ ಬಳಿಯ ಸ್ಮೆಥಿಕ್, ವೆಸ್ಟ್ ಬ್ರಾಮ್ವಿಚ್ ಪಟ್ಟಣಗಳ ಎರಕದ ಕಾರ್ಖಾನೆಗಳಲ್ಲಿ ದುಡಿಯಲು ಹೋದ ಪಂಜಾಬಿಗಳಿಗೆ 1960ರ ದಶಕದಲ್ಲಿ ಎಷ್ಟೋ ಪಬ್ಬುಗಳಲ್ಲಿ ಬಣ್ಣದ ಕಾರಣದಿಂದ ಪಾನೀಯವನ್ನು ನಿರಾಕರಿಸುತ್ತಿದ್ದರು, ಇಲ್ಲವೆ ಬೇರೆ ಕೋಣೆಗೆ ಕಳುಹಿಸುತ್ತಿದ್ದರು. ಭಾರತೀಯ ಕಾರ್ಮಿಕರ ಸಂಘದವರು ಅದನ್ನು ಎದುರಿಸಿ ನಿಂತರು. ಅಮೆರಿಕದ ಮಾಲ್ಕಮ್ ಎಕ್ಸ್ 1965ರ ಫೆಬ್ರುವರಿಯಲ್ಲಿ ಸ್ಮೆಥಿಕ್ಕಿಗೆ ಬಂದು ನೋಡಿ ಹೋದನು. ಅದೇ ವರ್ಷದ ಶಾಸನವು ಈ ನಿಷೇಧವನ್ನು ಕಾನೂನುಬಾಹಿರವೆಂದಿತು. ಮುಂದೆ ಅಂತಹ ಪಬ್ಬುಗಳೇ ಮುಳುಗುವ ಸ್ಥಿತಿಗೆ ಬಂದಾಗ ಗುತ್ತಿಗೆ ಹಿಡಿದವರು ಪಂಜಾಬಿಗಳು. ಅವರು ತಂದೂರಿಯ ಮಾಂಸವನ್ನು ಕಬ್ಬಿಣದ ತಟ್ಟೆಯ ಮೇಲೆ ಚುರುಗುಟ್ಟಿಸುತ್ತ ಕೊಟ್ಟರು. ಆದರೂ ಡಾರ್ಟ್ಸ್ ಹಲಗೆ ಇಳಿಯಲಿಲ್ಲ. ಬರಿಯ ಒಂದು ಪೈಂಟಿಗೆ ಬಂದ ಬಿಳಿಯ ಮುದುಕನನ್ನು ಎಬ್ಬಿಸಲಿಲ್ಲ. ತಟ್ಟೆಯನ್ನು ನಡುವೆ ಇಟ್ಟು ನಾಲ್ವರು ಕೈಹಾಕಿ ತಿನ್ನುವ ಪದ್ಧತಿಯು ರೌಂಡಿನ ಪದ್ಧತಿಗೆ ಸೋದರಿಯಂತೆ ಹೊಂದಿಕೊಂಡಿತು. ಒಂದು ಕಾಲಕ್ಕೆ ಬಾಗಿಲಲ್ಲಿ ತಡೆಯಲ್ಪಟ್ಟವರು, ತಾವು ಬಾಗಿಲು ಕಾಯುವವರಾದಾಗ ಯಾರನ್ನೂ ತಡೆಯಲಿಲ್ಲ. ಉಪನಗರದ ಪಬ್ಬಿಗೆ ಊಟವನ್ನು ತರಬೇಕೆನ್ನುವ ಕಂಪೆನಿಗಳು ಪಾಠ ಕಲಿಯುವುದಾದರೆ ಇಲ್ಲಿ ಕಲಿಯಬಹುದು.

ಇಷ್ಟಾದಮೇಲೆ ಪಾನನಿರೋಧದ ಮಿತ್ರರಿಗೆ ಒಂದು ಮಾತು. ಪಬ್ಬುಗಳು ಮುಚ್ಚಿದುದರಿಂದಲೂ ಊಟದ ಮನೆಗಳಾದುದರಿಂದಲೂ ಆ ದೇಶದಲ್ಲಿ ಮದ್ಯದ ಪೀಡೆಯು ತಗ್ಗಿತೆಂದು ಅವರು ತಿಳಿದಿದ್ದರೆ, ಲೆಕ್ಕವು ಅವರ ಪಕ್ಷದಲ್ಲಿಲ್ಲ. ನೇರವಾಗಿ ಮದ್ಯದಿಂದಲೇ ಸಂಭವಿಸಿದ ಮರಣಗಳು ಆ ರಾಜ್ಯದಲ್ಲಿ 2019ರಲ್ಲಿ 7,565 ಆಗಿದ್ದುವು, 2023ರಲ್ಲಿ 10,473. ಇದಕ್ಕೆ ಪಬ್ಬಿನ ಮಾರ್ಪಾಡೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಆದರೆ ಕುಡಿಯುವ ಚಟವಿದ್ದವನು ಪಬ್ಬಿನ ಬಾಗಿಲಿನಿಂದ ಹಿಂದಿರುಗಿ ಹಾಲಿನ ಅಂಗಡಿಗೆ ಹೋಗುವುದಿಲ್ಲವೆಂಬುದಂತೂ ಸ್ಪಷ್ಟ. ಅವನು ಅಂಗಡಿಯಿಂದ ಅಗ್ಗದ ಸೀಸೆಯನ್ನು ಕೊಂಡು ಮನೆಯಲ್ಲಿ ಒಬ್ಬನೇ ಕುಳಿತು ಕುಡಿಯುವನು. ಪಬ್ಬಿನಲ್ಲಿ, “ಇವತ್ತಿಗೆ ಇಷ್ಟು ಸಾಕಪ್ಪ, ಮನೆಗೆ ಹೋಗು” ಎಂದು ಹೇಳಲು ಯಜಮಾನನಿದ್ದನು. ನಾಲ್ಕು ದಿನ ಕಾಣದಿದ್ದರೆ ಬಾಗಿಲು ತಟ್ಟಿ ನೋಡಲು ಡಾಮಿನೋದ ಜೊತೆಗಾರನಿದ್ದನು. ಸೀಸೆಗೆ ಈ ಬುದ್ಧಿಯಿಲ್ಲ.

ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಲಾಗದೆಂದು ಹೇಳುವವರಿಗೆ ಕೆಂಟ್ ಪ್ರಾಂತದ ಹರ್ನ್ ಎಂಬ ಹಳ್ಳಿಯನ್ನು ತೋರಿಸಬಹುದು. 2003ರ ಪರವಾನಗಿ ಶಾಸನವು 2005ರಲ್ಲಿ ಆಚರಣೆಗೆ ಬಂದಾಗ, ಸಣ್ಣವನೊಬ್ಬನು ಹೊಸದಾಗಿ ಪಬ್ಬು ತೆರೆಯುವುದು ಮೊದಲಿಗಿಂತ ಸುಲಭವಾಯಿತು. ಅದೇ ವರ್ಷ ಅಲ್ಲಿ ‘ಬುಚರ್ಸ್ ಆರ್ಮ್ಸ್’ ಎಂಬ ಒಂದೇ ಕೋಣೆಯ ಪಬ್ಬು ತೆರೆಯಿತು. ಅಡಿಗೆಯಿಲ್ಲ, ಸಂಗೀತದ ಪೆಟ್ಟಿಗೆಯಿಲ್ಲ. ಪೀಪಾಯಿಯಿಂದ ಬಿಯರು, ಎದುರುಬದುರು ಕುಳಿತ ಜನ, ಮಾತು. ‘ಮೈಕ್ರೋಪಬ್’ ಎಂದು ಹೆಸರಾದ ಈ ಜಾತಿಯವು ಇಂದು ಇಂಗ್ಲೆಂಡಿನಲ್ಲಿ ನೂರಾರು ಇವೆ. ಅನೇಕವು ಉಪನಗರಗಳ ಬೀದಿಗಳಲ್ಲಿ ಬರಿದಾಗಿ ಬಿದ್ದಿದ್ದ ಅಂಗಡಿಗಳೊಳಗೇ ಹುಟ್ಟಿವೆ. ಊಟವಿಲ್ಲದೆ ಪಬ್ಬು ಬದುಕಲಾರದೆಂಬುದು ಸಾರ್ವತ್ರಿಕ ನಿಯಮವಾಗಿದ್ದರೆ ಇವು ಹುಟ್ಟುತ್ತಲೇ ಇರಲಿಲ್ಲ. ದೊಡ್ಡ ಕಟ್ಟಡ, ದೊಡ್ಡ ಸಾಲ, ದೊಡ್ಡ ಬಾಡಿಗೆ ಇವುಗಳನ್ನು ಹೊತ್ತ ಪಬ್ಬು ಬದುಕಲಾರದೆಂಬುದೇ ನಿಜವಾದ ಮಾತು.

ಕಾನೂನಿನ ವಿಷಯವೊಂದು ಉಳಿಯಿತು. 2017ರ ಮೇ ತಿಂಗಳವರೆಗೆ ಇಂಗ್ಲೆಂಡಿನಲ್ಲಿ ಪಬ್ಬೊಂದನ್ನು ಅಂಗಡಿಯಾಗಿಯೋ ಭೋಜನಶಾಲೆಯಾಗಿಯೋ ಮಾರ್ಪಡಿಸಲು ಬಹುಮಟ್ಟಿಗೆ ಯಾವ ಅನುಮತಿಯೂ ಬೇಕಿರಲಿಲ್ಲ. ಜನರ ಹೋರಾಟದ ಫಲವಾಗಿ ಆ ತಿಂಗಳು ನಿಯಮವನ್ನು ತಿದ್ದಿದರು. ಪಬ್ಬನ್ನು ಕೆಡಹುವುದಕ್ಕೂ ಬೇರೆ ಉಪಯೋಗಕ್ಕೆ ಕೊಡುವುದಕ್ಕೂ ಸ್ಥಳೀಯ ಯೋಜನಾ ಅಧಿಕಾರಿಗಳ ಅನುಮತಿ ಬೇಕಾಯಿತು, ನೆರೆಹೊರೆಯವರಿಗೆ ಆಕ್ಷೇಪಿಸುವ ಹಕ್ಕು ಬಂದಿತು. ಆದರೆ ಅದೇ ಆಜ್ಞೆಯು ಹಿತ್ತಲ ಬಾಗಿಲೊಂದನ್ನು ತೆರೆದಿಟ್ಟಿತು: ‘ವಿಸ್ತೃತ ಆಹಾರ ವ್ಯವಸ್ಥೆಯುಳ್ಳ ಪಾನಸ್ಥಳ’ವೆಂಬ ಹೊಸ ವರ್ಗವನ್ನು ಕಲ್ಪಿಸಿ, ಪಬ್ಬು ಆ ವರ್ಗಕ್ಕೆ ಅನುಮತಿಯಿಲ್ಲದೆಯೇ ಜಾರಿಕೊಳ್ಳಬಹುದೆಂದಿತು. ವಿಸ್ತಾರವು ಎಷ್ಟು, ಕೌಂಟರಿನ ಮುಂದೆ ಎಷ್ಟು ನೆಲ ಉಳಿಯಬೇಕು, ಊಟ ಮಾಡದವನಿಗೆ ಎಷ್ಟು ಆಸನವಿರಬೇಕು ಎಂಬ ಅಳತೆಯನ್ನು ಆ ವರ್ಗದ ಹೆಸರು ಕೊಡುವುದಿಲ್ಲ. ಪಬ್ಬನ್ನು ದಿನಸಿ ಅಂಗಡಿ ಮಾಡುವವನು ಬೀದಿಯವರನ್ನು ಕೇಳಬೇಕು. ಮೂವತ್ತು ವರ್ಷದ ಗಿರಾಕಿಯ ಮೂಲೆಯಲ್ಲಿ ಮೇಜು ಹಾಕಿ, ಕಾದಿರಿಸಿದ್ದೆಂಬ ಚೀಟಿಯನ್ನು ನಿಲ್ಲಿಸುವವನು ಯಾರನ್ನೂ ಕೇಳಬೇಕಾಗಿಲ್ಲ. 2011ರ ಶಾಸನದ ಮೇರೆಗೆ ಒಂದು ಪಬ್ಬನ್ನು ಸಮುದಾಯದ ಆಸ್ತಿಯೆಂದು ಪಟ್ಟಿಯಲ್ಲಿ ಸೇರಿಸಿ, ಮಾರಾಟಕ್ಕೆ ಬಂದಾಗ ಹಣ ಕೂಡಿಸಲು ಆ ಊರಿನವರಿಗೆ ಆರು ತಿಂಗಳ ಅವಧಿಯನ್ನು ಕೊಡುವ ಏರ್ಪಾಡಿದೆ. ಪಬ್ಬು ಸಮುದಾಯದ ಆಸ್ತಿಯೆಂಬುದನ್ನು ಒಮ್ಮೆ ಒಪ್ಪಿದ ಪಾರ್ಲಿಮೆಂಟು, ಅದರ ಒಳಗಿನ ನೆಲವನ್ನು ಪಂಕ್ತಿಯ ಲೆಕ್ಕಕ್ಕೆ ಒಪ್ಪಿಸುವ ಮುನ್ನವೂ ಆ ಸಮುದಾಯದ ಮಾತನ್ನು ಕೇಳಬೇಕೆಂದು ವಿಧಿಸಲಿ. ಆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಲು ಒಂದು ವಾಕ್ಯದ ತಿದ್ದುಪಡಿಯೇ ಸಾಕು.